ಭದ್ರಾವತಿಯ ಕುಲುಮೆ, ಪೋಹಾಂಗ್‌ನ ಕುಲುಮೆ

(ಉಪನ್ಯಾಸದ ಬರಹರೂಪ)

2023ರ ಜನವರಿ ತಿಂಗಳಲ್ಲಿ ಎರಡು ಉಕ್ಕಿನ ಕಾರ್ಖಾನೆಗಳಿಂದ ಎರಡು ಸುದ್ದಿಗಳು ಬಂದವು. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿರುವ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಅಲ್ಲಿ ಕಬ್ಬಿಣ ಕರಗಿಸುವ ಕೆಲಸ ಆರಂಭವಾಗಿ ನೂರು ವರ್ಷ ತುಂಬಿದ ತಿಂಗಳು ಅದು. ಅದೇ ತಿಂಗಳಲ್ಲಿ ದಕ್ಷಿಣ ಕೊರಿಯದ ಪೂರ್ವ ಕರಾವಳಿಯ ಪೋಹಾಂಗ್ ಎಂಬ ಊರಿನಲ್ಲಿ, ಹಿಂದಿನ ಸೆಪ್ಟೆಂಬರಿನ ಚಂಡಮಾರುತದ ನೆರೆಯಲ್ಲಿ ಮುಳುಗಿಹೋಗಿದ್ದ ಉಕ್ಕಿನ ಕಾರ್ಖಾನೆಯು 135 ದಿನಗಳ ದುರಸ್ತಿಯ ನಂತರ ಪೂರ್ಣ ಪ್ರಮಾಣದಲ್ಲಿ ಕೆಲಸಕ್ಕೆ ಮರಳಿತು.

ಎರಡೂ ಕಾರ್ಖಾನೆಗಳು ಸರ್ಕಾರದ ಹಣದಿಂದ, ಸರ್ಕಾರದ ಹಟದಿಂದ ಹುಟ್ಟಿದವು. ಎರಡನ್ನೂ ಆರಂಭದಲ್ಲಿ ತಿಳಿದವರೆನಿಸಿಕೊಂಡವರು ದುಂದುವೆಚ್ಚವೆಂದು ಜರೆದರು. ಭದ್ರಾವತಿ ಪೋಹಾಂಗ್‌ಗಿಂತ ಐವತ್ತು ವರ್ಷ ಹಿರಿಯದು. ಹಾಗಿದ್ದೂ ಹಿರಿಯಣ್ಣ ಸೊರಗಿದ, ಕಿರಿಯ ತಮ್ಮ ಜಗತ್ತಿನ ದೊಡ್ಡ ಉಕ್ಕು ತಯಾರಕರ ಸಾಲಿಗೆ ಸೇರಿದ. ಹೀಗೇಕಾಯಿತು ಎಂಬ ಪ್ರಶ್ನೆಯಲ್ಲಿ ಇನ್ನೊಂದು ದೊಡ್ಡ ಪ್ರಶ್ನೆ ಅಡಗಿದೆ. ಸರ್ಕಾರವೇ ಮುಂದೆ ನಿಂತು ದೇಶದ ಆರ್ಥಿಕತೆಯನ್ನು ಕಟ್ಟುವ ದಾರಿ ಬಡ ರಾಷ್ಟ್ರಗಳಿಗೆ ಇಂದಿಗೂ ತೆರೆದಿದೆಯೇ, ಅಥವಾ ಅದು ಮುಗಿದುಹೋದ ಕಾಲದ ಕಥೆಯೇ?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳುಂಟು. ಸರ್ಕಾರ ವ್ಯಾಪಾರಕ್ಕಿಳಿದರೆ ನಷ್ಟ ಕಟ್ಟಿಟ್ಟ ಬುತ್ತಿ ಎಂಬುದು ಒಂದು. ಸರ್ಕಾರದ ಆಸರೆಯಿಲ್ಲದೆ ಯಾವ ಬಡ ದೇಶವೂ ಮೇಲೆದ್ದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಬೇಕಾದಷ್ಟು ಸಾಕ್ಷ್ಯ ಸಿಗುತ್ತದೆ. ಆದ್ದರಿಂದ ಯಾವ ಸರ್ಕಾರ, ಯಾವ ಕಾಲದಲ್ಲಿ, ಯಾವ ಷರತ್ತುಗಳ ಮೇಲೆ, ಯಾರ ಖರ್ಚಿನಲ್ಲಿ ಎಂದು ಬಿಡಿಸಿ ಕೇಳುವುದು ಮೇಲು.

ಹಳೆಯ ದಾರಿ

ಸರ್ಕಾರದ ನೆರವಿನಿಂದ ಕೈಗಾರಿಕೆ ಬೆಳೆಸುವ ವಿಚಾರ ಸಮಾಜವಾದಿಗಳ ಸೃಷ್ಟಿಯಲ್ಲ. ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿಯೇ, ಎಳೆಯ ಕೈಗಾರಿಕೆಗಳಿಗೆ ಸರ್ಕಾರ ಆಸರೆ ನೀಡಬೇಕೆಂದು ತನ್ನ ದೇಶದ ಸಂಸತ್ತಿಗೆ ವರದಿ ಸಲ್ಲಿಸಿದ. ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಅದನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿದ. ಕೈಗಾರಿಕೆಯಲ್ಲಿ ಮುಂದಿದ್ದ ಇಂಗ್ಲೆಂಡು ಉಳಿದವರಿಗೆ ಮುಕ್ತ ವ್ಯಾಪಾರದ ಪಾಠ ಹೇಳುವುದು, ತಾನು ಹತ್ತಿದ ಏಣಿಯನ್ನು ಒದ್ದಂತೆ ಎಂಬುದು ಅವನ ವಾದವಾಗಿತ್ತು. ಜಪಾನಿನ ಯಾವತಾದಲ್ಲಿ 1901ರಲ್ಲಿ ಕೆಲಸ ಆರಂಭಿಸಿದ ಉಕ್ಕಿನ ಕಾರ್ಖಾನೆಯೂ ಸರ್ಕಾರದ್ದೇ.

ಆ ಜಪಾನನ್ನು ಕಣ್ಣಾರೆ ಕಂಡು ಬಂದವರಲ್ಲಿ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರು ಬರುವ ಮೊದಲೇ ಮೈಸೂರು ಈ ದಾರಿಯಲ್ಲಿ ಹೆಜ್ಜೆ ಇಟ್ಟಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸತೊಡಗಿತು. ನಡುವಿನ ದೂರ 92 ಮೈಲಿ. ಗಣಿ ಬ್ರಿಟಿಷ್ ಕಂಪನಿಯದು, ವಿದ್ಯುತ್ತು ಸಂಸ್ಥಾನದ್ದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ವಿದ್ಯುದ್ದೀಪ ಬೆಳಗಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಇದು ಒಂದು ಕಾರ್ಯಕ್ರಮದ ರೂಪ ತಳೆಯಿತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಒಂದು ಚರ್ಚೆಯ ವೇದಿಕೆ, ಒಂದು ಹಣದ ಮೂಲ, ಒಂದು ವಿದ್ಯೆಯ ಮೂಲ. ಈ ಮೂರನ್ನು ಜೊತೆಗಿಟ್ಟು ನೋಡಿದರೆ ಆಡಳಿತದ ಯೋಚನೆ ಎಷ್ಟು ಕ್ರಮಬದ್ಧವಾಗಿತ್ತೆಂದು ತಿಳಿಯುತ್ತದೆ. ಕಾರ್ಖಾನೆ ಕಟ್ಟಲು ಇಟ್ಟಿಗೆ ಗಾರೆ ಸಾಲದು, ಸಾಲ ಕೊಡುವವರೂ ಲೆಕ್ಕ ಬಲ್ಲವರೂ ಬೇಕೆಂಬುದು ಅವರಿಗೆ ಗೊತ್ತಿತ್ತು.

ಶ್ರೀಗಂಧದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿಯವರೆಗೆ ಮೈಸೂರಿನ ಗಂಧದ ಕೊರಡುಗಳು ಹರಾಜಾಗಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವ ಕಸುಬೂ ಅದರ ಲಾಭವೂ ಅಲ್ಲಿಯವರದಾಗಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ವ್ಯಾಪಾರ ನಿಂತಿತು. ಕೊರಡುಗಳು ಕೊಳ್ಳುವವರಿಲ್ಲದೆ ಕೊಟ್ಟಿಗೆಗಳಲ್ಲಿ ರಾಶಿ ಬಿದ್ದವು. ಸಂಸ್ಥಾನದ ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ನೆರವಿನಿಂದ ಇಲ್ಲಿಯೇ ಎಣ್ಣೆ ಬಟ್ಟಿ ಇಳಿಸುವ ವಿಧಾನ ಕಂಡುಕೊಂಡಿತು. ಎಣ್ಣೆಯ ಬೆನ್ನಿಗೆ ಸಾಬೂನು ಬಂತು. ಆ ಸಾಬೂನು ಕಾರ್ಖಾನೆಯ ಇಂದಿನ ರೂಪವಾದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಈಗಲೂ ರಾಜ್ಯ ಸರ್ಕಾರದ ಒಡೆತನದಲ್ಲಿದ್ದು, ಇತ್ತೀಚಿನ ವರ್ಷಗಳಲ್ಲಿ ಒಳ್ಳೆಯ ಲಾಭವನ್ನೇ ಗಳಿಸಿದೆ. ಸರ್ಕಾರಿ ಉದ್ದಿಮೆ ಎಂದರೆ ನಷ್ಟ ಎನ್ನುವವರು ಮೈಸೂರು ಸ್ಯಾಂಡಲ್ ಸೋಪಿನ ಲೆಕ್ಕವನ್ನೂ ನೋಡಬೇಕು.

ಬೆಂಕಿಪುರದ ಸಾಹಸ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸುತ್ತ ಮಲೆನಾಡಿನ ಕಾಡು, ಪಕ್ಕದಲ್ಲಿ ಭದ್ರಾ ನದಿ. ಕಲ್ಲಿದ್ದಲು ಮಾತ್ರ ಇಲ್ಲ. ಆದ್ದರಿಂದ ಮರವನ್ನು ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸುವುದು, ಇದ್ದಿಲು ಮಾಡುವಾಗ ಹೊರಡುವ ರಾಸಾಯನಿಕಗಳನ್ನು ಮಾರುವುದು ಎಂದು ಯೋಜನೆ ಹಾಕಲಾಯಿತು. ಮರ ಬಟ್ಟಿ ಇಳಿಸುವ ಮತ್ತು ಕಬ್ಬಿಣದ ಕಾರ್ಖಾನೆ ಎಂಬುದೇ ಅದರ ಮೊದಲ ಹೆಸರು. ಯುದ್ಧಕಾಲದಲ್ಲಿ ಕಬ್ಬಿಣದ ಬೆಲೆ ಏರಿದ್ದಾಗ ಹಾಕಿದ ಲೆಕ್ಕ ಅದು. 1923ರಲ್ಲಿ ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಯುದ್ಧ ಮುಗಿದು ಬೆಲೆ ಕುಸಿದಿತ್ತು. ಸಂಸ್ಥಾನದ ಬೊಕ್ಕಸಕ್ಕೆ ಇದೊಂದು ಬಿಳಿಯಾನೆ ಎಂಬ ಟೀಕೆ ಎದ್ದಿತು.

ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಂತು ವೆಚ್ಚ ತಗ್ಗಿಸಿದರು, ಸ್ಥಳೀಯರನ್ನು ತರಬೇತುಗೊಳಿಸಿ ಹೊಣೆಯ ಜಾಗಗಳಲ್ಲಿ ಕೂರಿಸಿದರು. ಕಾರ್ಖಾನೆ ಉಳಿಯಿತು. 1936ರಲ್ಲಿ ಉಕ್ಕನ್ನೂ ತಯಾರಿಸತೊಡಗಿತು. ಆದರೆ ಅದಕ್ಕೆ ದೊಡ್ಡದಾಗಿ ಬೆಳೆಯಲು ಆಗಲಿಲ್ಲ. ಕಾರಣಗಳು ಭದ್ರಾವತಿಯಲ್ಲಿ ಮಾತ್ರ ಇರಲಿಲ್ಲ. ಮೈಸೂರಿಗೆ ತನ್ನದೇ ನಾಣ್ಯನೀತಿ ಇರಲಿಲ್ಲ, ಹೊರಗಿನ ಸರಕಿನ ಮೇಲೆ ಸುಂಕ ಹಾಕುವ ಅಧಿಕಾರ ಇರಲಿಲ್ಲ, ಬಂದರೂ ಇರಲಿಲ್ಲ. ಭಟ್ಕಳದಲ್ಲಿ ಬಂದರು ಬೇಕೆಂಬ ವಿಶ್ವೇಶ್ವರಯ್ಯನವರ ಆಸೆ ಕೈಗೂಡಲಿಲ್ಲ. ಆರ್ಥಿಕತೆಯನ್ನು ಕಟ್ಟುವ ಮನಸ್ಸು ಸಂಸ್ಥಾನಕ್ಕಿತ್ತು, ಅದಕ್ಕೆ ಬೇಕಾದ ಬೀಗದ ಕೈಗಳು ದೆಹಲಿ ಮತ್ತು ಲಂಡನ್ನಿನಲ್ಲಿದ್ದವು.

ಇನ್ನೊಂದು ಮಿತಿ ಒಳಗಿನದು. 1918ರಲ್ಲಿ ಮಹಾರಾಜರು, ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಪಾಲು ದೊರೆಯುವಂತೆ ಮಾಡಲು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೇ ಮಾನದಂಡವಾಗಬೇಕೆಂದಿದ್ದ ವಿಶ್ವೇಶ್ವರಯ್ಯನವರು ಈ ನೀತಿಯನ್ನು ಒಪ್ಪದೆ ದಿವಾನಗಿರಿಯನ್ನು ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ಶಂಕಿಸಿದವರಿಲ್ಲ. ಆದರೆ ಸರ್ಕಾರ ನಾಡನ್ನು ಕಟ್ಟುತ್ತದೆ ಎನ್ನುವಾಗ, ಆ ಸರ್ಕಾರದೊಳಗೆ ಕುಳಿತಿರುವವರು ಯಾರು ಎಂಬ ಪ್ರಶ್ನೆಯನ್ನು ಬದಿಗಿಡಲು ಬರುವುದಿಲ್ಲ ಎಂಬುದನ್ನು ಮೈಸೂರು ಅಷ್ಟು ಮೊದಲೇ ತೋರಿಸಿಕೊಟ್ಟಿತು.

ಕೊರಿಯ ಮಾಡಿದ್ದೇನು?

1960ರ ದಶಕದ ಆರಂಭದಲ್ಲಿ ದಕ್ಷಿಣ ಕೊರಿಯದ ತಲಾ ವಾರ್ಷಿಕ ಆದಾಯ ನೂರು ಡಾಲರಿಗಿಂತ ಕಡಿಮೆ. ಯುದ್ಧದಿಂದ ಜರ್ಜರಿತವಾಗಿ, ಅಮೆರಿಕದ ನೆರವಿನಿಂದ ಉಸಿರಾಡುತ್ತಿದ್ದ ದೇಶ. ಆದರೆ ಎರಡು ಸಂಗತಿಗಳು ಅದಕ್ಕೆ ಅನುಕೂಲವಾಗಿದ್ದವು. 1950ರ ಸುಮಾರಿನ ಭೂಸುಧಾರಣೆಯಿಂದ ಉಳುವವನಿಗೆ ನೆಲ ಸಿಕ್ಕಿತ್ತು, ಜಮೀನ್ದಾರರ ಬಲ ಮುರಿದಿತ್ತು. ಪ್ರಾಥಮಿಕ ಶಾಲೆ ಬಹುತೇಕ ಎಲ್ಲ ಮಕ್ಕಳಿಗೂ ತಲುಪಿತ್ತು.

1961ರಲ್ಲಿ ಸೈನಿಕ ಕ್ರಾಂತಿಯ ಮೂಲಕ ಅಧಿಕಾರಕ್ಕೆ ಬಂದ ಪಾರ್ಕ್ ಚುಂಗ್ ಹೀ ಬ್ಯಾಂಕುಗಳನ್ನು ಸರ್ಕಾರದ ಹಿಡಿತಕ್ಕೆ ತೆಗೆದುಕೊಂಡ. ಉದ್ಯಮಿಗಳಿಗೆ ಅಗ್ಗದ ಸಾಲ ಕೊಟ್ಟ. ಇಷ್ಟನ್ನು ಅನೇಕ ದೇಶಗಳು ಮಾಡಿವೆ. ಕೊರಿಯದ ವೈಶಿಷ್ಟ್ಯವಿದ್ದುದು ಸಾಲದ ಜೊತೆಗಿದ್ದ ಷರತ್ತಿನಲ್ಲಿ. ಇಷ್ಟು ಸರಕನ್ನು ಹೊರದೇಶಕ್ಕೆ ಮಾರಬೇಕು. ಮಾರದಿದ್ದರೆ ಮುಂದಿನ ಸಾಲ ಇಲ್ಲ. ಅಧ್ಯಕ್ಷನೇ ಕುಳಿತು ತಿಂಗಳು ತಿಂಗಳು ರಫ್ತಿನ ಲೆಕ್ಕ ಕೇಳುತ್ತಿದ್ದ. ಬಟ್ಟೆ, ಪ್ಲೈವುಡ್, ಕೃತಕ ಕೂದಲಿನ ಟೋಪಿಗಳಿಂದ ಆರಂಭವಾದ ರಫ್ತು 1964ರಲ್ಲಿ 10 ಕೋಟಿ ಡಾಲರ್ ಮುಟ್ಟಿತು. 1977ರಲ್ಲಿ ಅದು ಸಾವಿರ ಕೋಟಿ ಡಾಲರ್ ಆಗಿತ್ತು.

ಹೊರದೇಶದ ಗಿರಾಕಿ ಶಿಫಾರಸಿಗೆ ಜಗ್ಗುವವನಲ್ಲ. ಸರಕು ಕೆಟ್ಟದಿದ್ದರೆ ಮರಳಿಸುತ್ತಾನೆ, ಬೆಲೆ ಹೆಚ್ಚಿದ್ದರೆ ಬೇರೆಯವರ ಬಳಿಗೆ ಹೋಗುತ್ತಾನೆ. ಹೀಗಾಗಿ ಯಾವ ಉದ್ಯಮಿ ನಿಜವಾಗಿ ಕಲಿಯುತ್ತಿದ್ದಾನೆ, ಯಾರು ಸರ್ಕಾರದ ಹಣ ನುಂಗುತ್ತಿದ್ದಾನೆ ಎಂಬುದನ್ನು ಅಳೆಯುವ ತಕ್ಕಡಿ ಅಧಿಕಾರಿಗಳ ಕೈಗೆ ಸಿಕ್ಕಿತು. ಅರ್ಥಶಾಸ್ತ್ರಜ್ಞೆ ಆಲಿಸ್ ಆಮ್ಸ್‌ಡನ್ 1989ರಲ್ಲಿ ಕೊರಿಯದ ಬಗ್ಗೆ ಬರೆದ ಪುಸ್ತಕದ ಮುಖ್ಯ ಅಂಶವೇ ಇದು: ಇತರ ದೇಶಗಳು ಉದ್ಯಮಿಗಳಿಗೆ ಸವಲತ್ತು ಕೊಟ್ಟವು, ಕೊರಿಯ ಸವಲತ್ತನ್ನೂ ಕೊಟ್ಟು ಶಿಸ್ತನ್ನೂ ಹೇರಿತು.

ಪೋಹಾಂಗ್ ಕಾರ್ಖಾನೆಯ ಚರಿತ್ರೆಯಲ್ಲಿ ಇದೆಲ್ಲ ಒಟ್ಟಾಗಿ ಕಾಣುತ್ತದೆ. ಅದಿರೂ ಇಲ್ಲದ, ಒಳ್ಳೆಯ ಕಲ್ಲಿದ್ದಲೂ ಇಲ್ಲದ ಕೊರಿಯದಲ್ಲಿ ಉಕ್ಕಿನ ಕಾರ್ಖಾನೆ ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕ್ ಅಭಿಪ್ರಾಯಪಟ್ಟಿತು. ಪಾಶ್ಚಾತ್ಯ ಕಂಪನಿಗಳ ಒಕ್ಕೂಟ ಹಣ ಕೊಡಲು ಹಿಂಜರಿಯಿತು. ವಸಾಹತು ಕಾಲದ ಅನ್ಯಾಯಗಳ ಲೆಕ್ಕ ಮುಗಿಸಲು 1965ರ ಒಪ್ಪಂದದಂತೆ ಜಪಾನ್ ಕೊಡುತ್ತಿದ್ದ ಹಣದಲ್ಲಿ ಸುಮಾರು 12 ಕೋಟಿ ಡಾಲರನ್ನು ಕೊರಿಯ ಈ ಕಾರ್ಖಾನೆಗೆ ತಿರುಗಿಸಿತು. ಕಂಪನಿ 1968ರಲ್ಲಿ ಸ್ಥಾಪನೆಯಾಯಿತು, 1973ರ ಜೂನ್ 9ರಂದು ಮೊದಲ ಕರಗಿದ ಕಬ್ಬಿಣ ಹರಿಯಿತು. ಮೊದಲ ಹಂತದಲ್ಲೇ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚಿನ ಸಾಮರ್ಥ್ಯ. ಕಾರ್ಖಾನೆಯ ಮುಖ್ಯಸ್ಥ ಪಾರ್ಕ್ ತೇ ಜೂನ್, ಯಂತ್ರ ಖರೀದಿಯಲ್ಲಿ ರಾಜಕಾರಣಿಗಳ ಹಸ್ತಕ್ಷೇಪ ತಡೆಯಲು ಅಧ್ಯಕ್ಷನಿಂದಲೇ ರುಜು ಹಾಕಿಸಿಕೊಂಡ ಚೀಟಿ ಇಟ್ಟುಕೊಂಡಿದ್ದ. ಕಾಮಗಾರಿ ಕಳಪೆಯೆಂದು ಕಂಡಾಗ, ಬಹುಪಾಲು ಮುಗಿದಿದ್ದ ಕಟ್ಟಡವನ್ನೇ ಸ್ಫೋಟಿಸಿ ಕೆಡವಿಸಿದ. 2000ದಲ್ಲಿ ಸರ್ಕಾರ ತನ್ನ ಪಾಲನ್ನು ಮಾರಿ ಹೊರಬಂತು. ಯಾವಾಗ ಬಿಟ್ಟು ಹೊರಡಬೇಕೆಂಬುದನ್ನು ತಿಳಿಯುವುದೂ ಸರ್ಕಾರದ ಕೆಲಸದ ಒಂದು ಭಾಗವಷ್ಟೆ.

ಬೆಲೆ ತೆತ್ತವರು

ಕೊರಿಯದ ಕಥೆಯನ್ನು ಹೊಗಳಿಕೆಯಲ್ಲಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1970ರ ನವೆಂಬರಿನಲ್ಲಿ ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಜಿಯೋನ್ ತೇ ಇಲ್ ಎಂಬ 22 ವರ್ಷದ ದರ್ಜಿ ಕಾರ್ಮಿಕ, ಕಾರ್ಮಿಕ ಕಾನೂನುಗಳನ್ನು ಪಾಲಿಸಬೇಕೆಂದು ಕೂಗುತ್ತಾ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಆ ಅಂಗಡಿಗಳಲ್ಲಿ ಎಳೆಯ ಹುಡುಗಿಯರು ಗಾಳಿ ಬೆಳಕಿಲ್ಲದ ಅಟ್ಟಗಳಲ್ಲಿ ದಿನವಿಡೀ ಹೊಲಿಯುತ್ತಿದ್ದರು. ಕಾರ್ಮಿಕ ಸಂಘಗಳನ್ನು ಸರ್ಕಾರ ಹತ್ತಿಕ್ಕಿತ್ತು. 1980ರಲ್ಲಿ ಗ್ವಾಂಗ್‌ಜು ನಗರದಲ್ಲಿ ಪ್ರಜಾಪ್ರಭುತ್ವ ಬೇಡಿದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಜಪಾನಿ ಗಣಿ, ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಲ್ಪಟ್ಟಿದ್ದ ಕೊರಿಯನ್ನರ ಹೆಸರಿನಲ್ಲಿ ಬಂದ ಹಣ ಕುಲುಮೆಗೆ ಹೋಯಿತು. ಆ ವೃದ್ಧರು 2018ರಲ್ಲಿಯೂ ಸುಪ್ರೀಂ ಕೋರ್ಟಿನಲ್ಲಿ ಪರಿಹಾರಕ್ಕಾಗಿ ಕಾದಿದ್ದರು. 2023ರಲ್ಲಿ ಅವರಿಗಾಗಿ ಏರ್ಪಟ್ಟ ನಿಧಿಗೆ ಹಣ ಕೊಟ್ಟ ಕಂಪನಿ, ಬೇರೆ ಯಾವುದೂ ಅಲ್ಲ, ಪೋಸ್ಕೊ ಎಂಬ ಹೆಸರಿನ ಅದೇ ಪೋಹಾಂಗ್ ಕಂಪನಿ.

ಹಾಗಾದರೆ ಅಭಿವೃದ್ಧಿಗೆ ಸರ್ವಾಧಿಕಾರ ಬೇಕೇ ಬೇಕೆ? ಜಗತ್ತಿನಲ್ಲಿ ಸರ್ವಾಧಿಕಾರಿಗಳಿಗೇನೂ ಕೊರತೆಯಿರಲಿಲ್ಲ. ಅವರಲ್ಲಿ ಹೆಚ್ಚಿನವರು ದೇಶ ಕಟ್ಟಲಿಲ್ಲ, ಸ್ವಿಸ್ ಬ್ಯಾಂಕಿನ ಖಾತೆ ತುಂಬಿಸಿಕೊಂಡರು. ಕೊರಿಯವೂ 1987ರ ನಂತರ ಪ್ರಜಾಪ್ರಭುತ್ವದ ದಾರಿಗೆ ಬಂದು, 1997ರ ಹಣಕಾಸು ಬಿಕ್ಕಟ್ಟನ್ನು ದಾಟಿ, ಮತ್ತೂ ಬೆಳೆಯಿತು. ಲಾಠಿ ಅದರ ಯಶಸ್ಸಿನ ಗುಟ್ಟಾಗಿದ್ದರೆ ಲಾಠಿ ಕೆಳಗಿಟ್ಟ ಮೇಲೆ ಅದು ಕುಸಿಯಬೇಕಿತ್ತು.

ಗಡಿಯಾರದ ಪಾಠ

ಈ ಸಭೆಯಲ್ಲಿರುವ ಹಿರಿಯರಲ್ಲಿ ಅನೇಕರು ಕಟ್ಟಿದ ಮೊದಲ ಕೈಗಡಿಯಾರ ಎಚ್‌ಎಂಟಿಯದ್ದಾಗಿರಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳಿಗಾಗಿ ಸ್ಥಾಪನೆಯಾದ ಹಿಂದೂಸ್ತಾನ್ ಮಷೀನ್ ಟೂಲ್ಸ್ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ತಯಾರಿಸತೊಡಗಿತು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ಗಡಿಯಾರ ಕೊಡುವುದು ಗೌರವದ ಮಾತಾಗಿತ್ತು. ಪರದೇಶದ ಗಡಿಯಾರಗಳಿಗೆ ಬಾಗಿಲು ಮುಚ್ಚಿತ್ತು, ದೇಶದೊಳಗೆ ಪೈಪೋಟಿ ಅಷ್ಟಕ್ಕಷ್ಟೆ. ಗಿರಾಕಿ ಕಾಯುತ್ತಿದ್ದ. ಕೀಲಿ ಕೊಡುವ ಗಡಿಯಾರದ ಕಾಲ ಮುಗಿದು ಸೆಲ್ ಹಾಕುವ ಕ್ವಾರ್ಟ್ಜ್ ಗಡಿಯಾರದ ಕಾಲ ಬಂದಾಗ ಕಂಪನಿ ಹೊಸತಕ್ಕೆ ಪೂರ್ಣ ಮನಸ್ಸಿನಿಂದ ಹೊರಳಲಿಲ್ಲ. 2016ರಲ್ಲಿ ಕೇಂದ್ರ ಸಚಿವ ಸಂಪುಟ ಗಡಿಯಾರ ಘಟಕಗಳನ್ನು ಮುಚ್ಚಲು ಒಪ್ಪಿಗೆ ನೀಡಿತು.

ಎಚ್‌ಎಂಟಿಯನ್ನು ಹಿಂದಿಕ್ಕಿದ ಟೈಟಾನ್ ಬೆಳೆದದ್ದು ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ. ಅದನ್ನು ಖಾಸಗಿ ಕ್ಷೇತ್ರದ ಗೆಲುವೆಂದು ಹೇಳುವ ವಾಡಿಕೆಯಿದೆ. ಆದರೆ ಅದು 1984ರಲ್ಲಿ ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮಗಳು ಕೂಡಿ ಸ್ಥಾಪಿಸಿದ ಕಂಪನಿ. ಸರ್ಕಾರ ಎರಡೂ ಕಡೆ ಇತ್ತು. ಒಂದು ಕಡೆ ಅದು ಸಚಿವಾಲಯದಿಂದ ಕಾರ್ಖಾನೆ ನಡೆಸಿತು, ಇನ್ನೊಂದು ಕಡೆ ಬಂಡವಾಳ ಹಾಕಿ, ನಡೆಸುವವರಿಗೆ ನಡೆಸಲು ಬಿಟ್ಟಿತು.

1991ರ ಹಿಂದಿನ ಭಾರತದ ನೀತಿಯ ದೋಷ ಸರ್ಕಾರ ಮಧ್ಯೆ ಬಂದದ್ದಲ್ಲ, ರಕ್ಷಣೆ ಕೊಟ್ಟು ಲೆಕ್ಕ ಕೇಳದಿದ್ದದ್ದು. ಲೈಸೆನ್ಸ್ ಎನ್ನುವುದು ಪೈರಿಗೆ ಹಾಕಿದ ಬೇಲಿಯಾಗಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಗಳು ಹೆಚ್ಚಾದವು. ಹಾಗೆಂದು ಆ ಕಾಲದಲ್ಲಿ ಏನೂ ಆಗಲಿಲ್ಲವೆಂದಲ್ಲ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಗಳು ಬೆಂಗಳೂರಿಗೆ ತಂದ ಎಂಜಿನಿಯರುಗಳು, ಕುಶಲಕರ್ಮಿಗಳು, ರಾಜ್ಯದ ಕಿಯೋನಿಕ್ಸ್ ನಿಗಮ 1970ರ ದಶಕದಲ್ಲಿ ಹೊಸೂರು ರಸ್ತೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ಸ್ ಸಿಟಿ, ಇವೆಲ್ಲ ಇಲ್ಲದಿದ್ದರೆ ಮುಂದಿನ ಸಾಫ್ಟ್‌ವೇರ್ ಉದ್ಯಮ ಈ ಊರನ್ನೇ ಹುಡುಕಿಕೊಂಡು ಬರುತ್ತಿತ್ತೆಂದು ಹೇಳಲಾಗದು.

ಷರತ್ತಿಲ್ಲದ ಆಸರೆಯ ದುರಂತ ಭಾರತಕ್ಕೆ ಸೀಮಿತವಲ್ಲ. ತಾಂಜಾನಿಯದ ಮೊರೊಗೊರೊದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಕಟ್ಟಿದ ಪಾದರಕ್ಷೆ ಕಾರ್ಖಾನೆ ಯೂರೋಪಿಗೆ ಷೂ ರಫ್ತು ಮಾಡಬೇಕಿತ್ತು. ಅದು ತನ್ನ ಸಾಮರ್ಥ್ಯದ ಶೇಕಡ 4ರ ಸುಮಾರನ್ನು ಎಂದೂ ಮೀರಲಿಲ್ಲ. ಮಲೇಷ್ಯ 1983ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರು ಕಂಪನಿ ಪ್ರೋಟಾನ್, ಸುಂಕದ ಗೋಡೆಯ ಹಿಂದೆ ದಶಕಗಳ ಕಾಲ ಇದ್ದು, 2017ರಲ್ಲಿ ಶೇಕಡ 49.9ರಷ್ಟು ಪಾಲನ್ನು ಚೀನಾದ ಗೀಲಿ ಕಂಪನಿಗೆ ಮಾರಿತು.

ಬದಲಾದ ಜಗತ್ತು

ಕೊರಿಯ ನಡೆದ ದಾರಿ ಇಂದು ಹಾಗೆಯೇ ಇಲ್ಲ. 1995ರಲ್ಲಿ ವಿಶ್ವ ವಾಣಿಜ್ಯ ಸಂಘಟನೆ ಬಂದ ಮೇಲೆ ರಫ್ತಿಗೆ ಕಟ್ಟಿದ ಸಬ್ಸಿಡಿ, ಇಂತಿಷ್ಟು ಬಿಡಿಭಾಗ ಸ್ವದೇಶದ್ದೇ ಆಗಿರಬೇಕೆಂಬ ನಿಯಮ ಮುಂತಾದವು ನಿಷಿದ್ಧವಾದವು. ಸೌರವಿದ್ಯುತ್ ಫಲಕಗಳಲ್ಲಿ ದೇಶೀಯ ಭಾಗಗಳಿರಬೇಕೆಂಬ ಭಾರತದ ನಿಯಮದ ವಿರುದ್ಧ ಅಮೆರಿಕ ದೂರು ಕೊಟ್ಟು 2016ರಲ್ಲಿ ಗೆದ್ದಿತು. ಆರೇ ವರ್ಷದಲ್ಲಿ, 2022ರಲ್ಲಿ, ಅದೇ ಅಮೆರಿಕ ತನ್ನ ನೆಲದಲ್ಲಿ ಚಿಪ್ ತಯಾರಿಕೆಗೆ ಐದು ಸಾವಿರ ಕೋಟಿ ಡಾಲರಿಗೂ ಹೆಚ್ಚು ನೆರವಿನ ಕಾಯಿದೆ ಮಾಡಿತು. ತನ್ನಲ್ಲೇ ತಯಾರಾದ ವಿದ್ಯುತ್ ವಾಹನ, ಬ್ಯಾಟರಿಗಳಿಗೆ ರಿಯಾಯಿತಿ ಘೋಷಿಸಿತು. ಸಂಘಟನೆಯ ಮೇಲ್ಮನವಿ ಪೀಠ ಸದಸ್ಯರಿಲ್ಲದೆ 2019ರ ಡಿಸೆಂಬರಿನಿಂದ ನಿಷ್ಕ್ರಿಯವಾಗಿದೆ. ಸರ್ಕಾರದ ಪಾತ್ರ ಮುಗಿಯಿತೆಂದು ಬಡವರಿಗೆ ಬೋಧಿಸಿದವರೇ ಅದನ್ನು ಮತ್ತೆ ಹಿಡಿದಿದ್ದಾರೆ. ವ್ಯತ್ಯಾಸವೆಂದರೆ, ಅವರ ಬೊಕ್ಕಸ ದೊಡ್ಡದು.

ನಿಯಮಗಳಿಗಿಂತ ದೊಡ್ಡ ತೊಡಕು ಇನ್ನೆರಡಿವೆ. ಮೊದಲನೆಯದು ಯಂತ್ರ. ಒಂದು ಕಾಲದಲ್ಲಿ ಹಳ್ಳಿ ಬಿಟ್ಟು ಬಂದ ಲಕ್ಷಾಂತರ ಜನರಿಗೆ ಕೆಲಸ ಕೊಟ್ಟ ಕಾರ್ಖಾನೆಗಳಿಗೆ ಇಂದು ಅಷ್ಟು ಕೈಗಳು ಬೇಕಿಲ್ಲ. ಅನೇಕ ಬಡ ದೇಶಗಳಲ್ಲಿ ಕೈಗಾರಿಕೆ ತುದಿ ಮುಟ್ಟುವ ಮೊದಲೇ ಇಳಿಮುಖವಾಗಿದೆ ಎಂದು ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ತೋರಿಸಿದ್ದಾರೆ. ಎರಡನೆಯದು ಚೀನಾ. ಸೂಜಿಯಿಂದ ಕಾರಿನವರೆಗೆ ಎಲ್ಲವನ್ನೂ ಅಗ್ಗವಾಗಿ ತಯಾರಿಸುವ ಒಬ್ಬ ದೈತ್ಯ ಮಾರುಕಟ್ಟೆಯಲ್ಲಿ ಕುಳಿತಿರುವಾಗ ಹೊಸಬರಿಗೆ ಜಾಗ ಸಿಗುವುದು ಕಷ್ಟ. ಆ ದೈತ್ಯ ಬೆಳೆದದ್ದೂ ಸರ್ಕಾರದ ಕೈ ಹಿಡಿದೇ ಎಂಬುದನ್ನು ಇಲ್ಲಿ ಮರೆಯಬಾರದು.

ಹೊರಗಿನ ಮಾರುಕಟ್ಟೆಯನ್ನೇ ನಂಬಿದರೆ ಆಗುವ ಅಪಾಯವನ್ನು ಇಥಿಯೋಪಿಯ ಅನುಭವಿಸಿತು. 2016ರಲ್ಲಿ ಅದರ ಸರ್ಕಾರ ಹವಾಸಾದಲ್ಲಿ ದೊಡ್ಡ ಉಡುಪು ಕೈಗಾರಿಕಾ ವಸಾಹತನ್ನು ತೆರೆಯಿತು. ಟಿಗ್ರೇ ಪ್ರಾಂತ್ಯದ ಅಂತರ್ಯುದ್ಧದ ಕಾರಣದಿಂದ 2022ರ ಜನವರಿಯಲ್ಲಿ ಅಮೆರಿಕ ತನ್ನ ಸುಂಕರಹಿತ ಪ್ರವೇಶದ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. ಯುದ್ಧ ಅವರು ಮಾಡಿದ್ದಲ್ಲ.

ಇಂಡೋನೇಷ್ಯ ಬೇರೆ ದಾರಿ ಹಿಡಿಯಿತು. ಬ್ಯಾಟರಿಗೂ ತುಕ್ಕು ಹಿಡಿಯದ ಉಕ್ಕಿಗೂ ಬೇಕಾದ ನಿಕ್ಕಲ್ ಅದಿರು ಅಲ್ಲಿ ಧಾರಾಳ. 2020ರಲ್ಲಿ ಅದು ಕಚ್ಚಾ ಅದಿರಿನ ರಫ್ತನ್ನು ಪೂರ್ಣವಾಗಿ ನಿಷೇಧಿಸಿ, ಬೇಕಾದವರು ಇಲ್ಲಿಯೇ ಬಂದು ಕರಗಿಸಿ ಎಂದಿತು. ಯೂರೋಪಿನ ಒಕ್ಕೂಟ ದೂರಿತು, 2022ರಲ್ಲಿ ತೀರ್ಪು ಇಂಡೋನೇಷ್ಯದ ವಿರುದ್ಧ ಬಂತು. ಅದು ಮೇಲ್ಮನವಿ ಹಾಕಿ ತನ್ನ ನೀತಿ ಮುಂದುವರಿಸಿತು. ಸಂಸ್ಕರಿಸಿದ ನಿಕ್ಕಲ್‌ನ ರಫ್ತು ಬಹಳವಾಗಿ ಹೆಚ್ಚಿತು. ಗಂಧದ ಕೊರಡನ್ನು ಹೊರಗೆ ಕಳಿಸದೆ ಎಣ್ಣೆ ತೆಗೆದ ಮೈಸೂರಿನ ಯೋಚನೆಯೇ ಇದು. ಆದರೆ ಕರಗಿಸುವ ಕಾರ್ಖಾನೆಗಳಲ್ಲಿ ಹೆಚ್ಚಿನವು ಚೀನಿ ಕಂಪನಿಗಳ ಕೈಯಲ್ಲಿವೆ, ಕಲ್ಲಿದ್ದಲಿನ ಹೊಗೆಯನ್ನು ಸುತ್ತಲಿನವರು ಕುಡಿಯುತ್ತಿದ್ದಾರೆ. ಕಾರ್ಖಾನೆ ಬಂದಿದೆ, ಅದರ ವಿದ್ಯೆ ಸ್ಥಳೀಯರ ಕೈಗೆ ಎಷ್ಟು ಬಂದೀತು ಎಂಬುದರ ಮೇಲೆ ಮುಂದಿನದು ನಿಂತಿದೆ.

ಭಾರತ 2020ರಲ್ಲಿ ಆರಂಭಿಸಿದ ಉತ್ಪಾದನೆ ಆಧರಿತ ಪ್ರೋತ್ಸಾಹಧನ ಯೋಜನೆಯಲ್ಲಿ 14 ಕ್ಷೇತ್ರಗಳಿಗೆ ಸುಮಾರು 1.97 ಲಕ್ಷ ಕೋಟಿ ರೂಪಾಯಿ ಗೊತ್ತುಮಾಡಿತು. ಹೆಚ್ಚುವರಿಯಾಗಿ ತಯಾರಿಸಿ ಮಾರಿದ ಮೇಲೆಯೇ ಹಣ ಎಂಬ ಷರತ್ತು ಅದರಲ್ಲಿದೆ. ಲೈಸೆನ್ಸ್ ಕಾಲಕ್ಕಿಂತ ಇದು ಮುಂದಿನ ಹೆಜ್ಜೆ ನಿಜ. ಆದರೆ ಬಿಡಿಭಾಗ ತರಿಸಿ ಜೋಡಿಸುವುದಕ್ಕೂ ಬಿಡಿಭಾಗವನ್ನೇ ತಯಾರಿಸಲು ಕಲಿಯುವುದಕ್ಕೂ ಅಂತರವಿದೆ. ತೈವಾನ್ 1976ರಲ್ಲಿ ಅಮೆರಿಕದಿಂದ ಚಿಪ್ ತಂತ್ರಜ್ಞಾನ ಕೊಂಡು, ತನ್ನ ಎಂಜಿನಿಯರುಗಳನ್ನು ಅಲ್ಲಿಗೆ ಕಳಿಸಿ ಕಲಿಸಿ, 1987ರಲ್ಲಿ ಸರ್ಕಾರದ ದೊಡ್ಡ ಪಾಲಿನೊಡನೆ ಟಿಎಸ್‌ಎಂಸಿ ಕಂಪನಿಯನ್ನು ಕಟ್ಟಿತು. ಭಾರತವೂ 1984ರಲ್ಲಿ ಮೊಹಾಲಿಯಲ್ಲಿ ಸರ್ಕಾರಿ ಚಿಪ್ ಕಾರ್ಖಾನೆ ಆರಂಭಿಸಿತ್ತು. 1989ರಲ್ಲಿ ಅದು ಬೆಂಕಿಗೆ ಆಹುತಿಯಾದ ಮೇಲೆ, ಆ ಹಿನ್ನಡೆಯಿಂದ ಚೇತರಿಸಿಕೊಂಡು ಓಟದಲ್ಲಿ ಮುಂದೆ ಬರುವ ಛಲ ದೇಶದಲ್ಲಿ ಕಾಣಲಿಲ್ಲ.

ಹಳ್ಳಿಗುಡಿಯ ಪ್ರಶ್ನೆ

ಪೋಹಾಂಗ್‌ನ ಕಂಪನಿ ಒಮ್ಮೆ ಕನ್ನಡ ನಾಡಿನ ಬಾಗಿಲಿಗೂ ಬಂದಿತ್ತು. 2010ರಲ್ಲಿ ಪೋಸ್ಕೊ ಕರ್ನಾಟಕ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಗದಗ ಜಿಲ್ಲೆಯ ಹಳ್ಳಿಗುಡಿಯ ಬಳಿ 60 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ಕಟ್ಟಲು ಮುಂದಾಯಿತು. ಬೇಕಾದ ಸಾವಿರಾರು ಎಕರೆ ಭೂಮಿ ಎರೆಮಣ್ಣಿನ ಫಲವತ್ತಾದ ಹೊಲ. ರೈತರು ಪ್ರತಿಭಟಿಸಿದರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಅವರ ಜೊತೆ ಬೀದಿಗಿಳಿದರು. 2011ರ ಜುಲೈಯಲ್ಲಿ ಸರ್ಕಾರ ಅಲ್ಲಿನ ಭೂಸ್ವಾಧೀನವನ್ನು ಕೈಬಿಟ್ಟಿತು. 2013ರಲ್ಲಿ ಕಂಪನಿ ಕರ್ನಾಟಕದ ಯೋಜನೆಯಿಂದ ಹಿಂದೆ ಸರಿಯಿತು.

ಇದನ್ನು ಅಭಿವೃದ್ಧಿಗೆ ಅಡ್ಡಗಾಲೆಂದು ಬೈದವರುಂಟು. ಆದರೆ ರೈತರಿಗೆ ಕೇಳಬೇಕಾದ ಪ್ರಶ್ನೆಯೇ ಕಂಡಿತ್ತು. ಭೂಮಿ ಹೋದ ಮೇಲೆ ಕಾರ್ಖಾನೆಯಲ್ಲಿ ನಮಗೆ ಏನು ಕೆಲಸ? ಪರಿಹಾರದ ಹಣ ಮುಗಿದ ಮೇಲೆ ಏನು ಗತಿ? 1894ರ ಬ್ರಿಟಿಷರ ಭೂಸ್ವಾಧೀನ ಕಾಯಿದೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅದರ ಜಾಗದಲ್ಲಿ 2013ರಲ್ಲಿ ಹೊಸ ಕಾಯಿದೆ ಬಂತು. ಕೊರಿಯದಲ್ಲಿ ಬಂದೂಕು ಬಾಯಿ ಮುಚ್ಚಿಸಿದ ಪ್ರಶ್ನೆಯನ್ನು ಇಲ್ಲಿ ಚುನಾಯಿತ ಸರ್ಕಾರ ಕಿವಿಗೊಟ್ಟು ಕೇಳಲೇಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆ, ಆದರೆ ಒಪ್ಪಿಗೆಯಿಂದ ಕಟ್ಟಿದ್ದನ್ನು ಮುಂದಿನ ಚುನಾವಣೆ ಕೆಡವುವುದಿಲ್ಲ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಸರ್ಕಾರದ ನೇತೃತ್ವದ ಅಭಿವೃದ್ಧಿ ಇಂದಿಗೂ ಸಾಧ್ಯ, ಆದರೆ ದಾರಿ ಹಿಂದಿಗಿಂತ ಕಿರಿದು. ಕೊಟ್ಟ ಸವಲತ್ತನ್ನು ಕಿತ್ತುಕೊಳ್ಳುವ ಧೈರ್ಯ ಸರ್ಕಾರಕ್ಕಿರಬೇಕು. ಉದ್ಯಮಿಗಳೊಡನೆ ಮಾತನಾಡುವಷ್ಟು ಹತ್ತಿರ, ಅವರ ಜೇಬಿಗೆ ಬೀಳದಷ್ಟು ದೂರ ಇರುವ ಅಧಿಕಾರಿ ವರ್ಗ ಬೇಕು. ಎಲ್ಲದಕ್ಕೂ ಮೊದಲು ಶಾಲೆ, ಆರೋಗ್ಯ, ವಿದ್ಯುತ್ತು ಸರಿಯಿರಬೇಕು. ಏಕೆಂದರೆ ಕಾರ್ಖಾನೆಯ ಕೆಲಸಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಜನರ ಕೈಯಲ್ಲಿ ಉಳಿಯುವ ಬಂಡವಾಳ ಅದೇ. ಸಣ್ಣ ದೇಶಗಳು ಎಲ್ಲವನ್ನೂ ಮಾಡಹೊರಡದೆ ತಮ್ಮ ಗಂಧದ ಕೊರಡು ಯಾವುದೆಂದು ಗುರುತಿಸಿಕೊಳ್ಳಬೇಕು. ನೆಲ, ದುಡಿಮೆ, ಆರೋಗ್ಯ ತೆತ್ತವರಿಗೆ ಬೆಳೆಯಲ್ಲಿ ಪಾಲಿರಬೇಕು. ಇವುಗಳಲ್ಲಿ ಯಾವುದಕ್ಕೂ ಸರ್ವಾಧಿಕಾರ ಬೇಕಿಲ್ಲ, ಆದರೆ ಯಾವುದೂ ಮಾರುಕಟ್ಟೆಯಿಂದ ತಾನಾಗಿ ಬರುವುದೂ ಇಲ್ಲ.

ಭದ್ರಾವತಿಯ ಮಾತಿಗೆ ಮರಳುವುದಾದರೆ, ಅದು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಸ್ವಂತ ಅದಿರಿನ ಗಣಿಯಿಲ್ಲದೆ, ಹೊಸ ಬಂಡವಾಳವಿಲ್ಲದೆ ವರ್ಷಗಳು ಕಳೆದವು. ಮಾರಲು ಹೊರಟರೆ ಕೊಳ್ಳುವವರು ಬರಲಿಲ್ಲ. ಮುಚ್ಚುವ ತೀರ್ಮಾನದ ವಿರುದ್ಧ ಕಾರ್ಮಿಕರು ಹೋರಾಟಕ್ಕಿಳಿದರು, 2023ರ ಆಗಸ್ಟಿನಲ್ಲಿ ಅಲ್ಲಿ ಉಕ್ಕಿನ ಸರಳುಗಳ ಘಟಕ ಮತ್ತೆ ಓಡತೊಡಗಿತು. ಅದನ್ನು ಬೆಳೆಸುವುದೋ ಬಿಡುವುದೋ ಎಂಬ ಸ್ಪಷ್ಟ ತೀರ್ಮಾನಕ್ಕೆ ದಶಕಗಳ ಕಾಲ ಯಾವ ಸರ್ಕಾರವೂ ಬರಲಿಲ್ಲ. ಬೆಲೆ ಕುಸಿದು ಎಲ್ಲರೂ ಬಿಳಿಯಾನೆ ಎನ್ನುತ್ತಿದ್ದ 1923ರಲ್ಲಿ, ಆ ಕುಲುಮೆಯ ಹೊಣೆ ನನ್ನದು ಎಂದು ಹೇಳುವವರು ಒಬ್ಬರಾದರೂ ಇದ್ದರು.